ಕಟ್ಟ ಕಟ್ಟದ ವರ್ಷ

ಆಚೆಕರೆ ಅಕ್ಕ ತೀರಿಹೋದ ಸುದ್ದಿಯನ್ನು ನನಗೆ ಹೇಳಿದ್ದು ಬೆಳ್ಳಾರೆ ಪೇಟೆಯಿಂದ ಮೀನು ತರುವ ಹುಡುಗ. ಅವನು ಹೊಸಬ, ಅವನಿಗೆ ಅವರ ಹೆಸರು ಗೊತ್ತಿರಲಿಲ್ಲ. "ಹೊಳೆಯ ಆಚೆ ಒಂದು ಜೋರಿನ ಅಜ್ಜಿ ಇದ್ದರಲ್ಲ, ಅವರು ಹೋದರಂತೆ" ಅಂದ. ಇವತ್ತು ಮೀನು ಬೇಡವೆಂದು ಹೇಳಿ ಅವನನ್ನು ಕಳುಹಿಸಿದೆ. ಆಮೇಲೆ ಸೀರೆ ಬದಲಾಯಿಸುವಾಗಲೂ, ಹೊಳೆ ದಾಟುವಾಗಲೂ ಅವನ ಮಾತೇ ತಲೆಯಲ್ಲಿ ತಿರುಗುತ್ತಿತ್ತು. ಅವರು ಅಜ್ಜಿಯಾದದ್ದು ಕಡೆಗೆ. ಜೋರಿನವರಾಗಿದ್ದದ್ದು ಮೊದಲಿನಿಂದಲೇ.

ಬದುಕಿದ್ದಾಗ ನಾನು ಅವರನ್ನು ಹೆಸರು ಹಿಡಿದು ಕರೆದವಳಲ್ಲ, ಈಗಲೂ ಬೇಡ. ನಮ್ಮದು ಹೊಳೆಯ ಈಚೆ, ಅವರದ್ದು ಆಚೆ. ಹಾಗಾಗಿ ಆಚೆಕರೆ ಅಕ್ಕ. ನನ್ನ ಮಾವನಿಗೆ ಅವರು ದೂರದ ನೆಂಟಸ್ತಿಕೆಯಲ್ಲಿ ತಂಗಿಯಾಗಬೇಕೋ ನಾದಿನಿಯಾಗಬೇಕೋ ಎಂಬ ಲೆಕ್ಕ ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ. ಅವರು ಮಾವನನ್ನು "ಭಾವ" ಎನ್ನುತ್ತಿದ್ದರು. ಜಗಳದ ನಡುವೆಯೂ ಭಾವ ಎಂದೇ ಕರೆದು ಬೈಯುತ್ತಿದ್ದರು.

ಎತ್ತರದ ಮೈಕಟ್ಟು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆ, ಇಟ್ಟು, ಹೆಗಲ ಮೇಲೆ ಹಾರೆ ಹಾಕಿ ಬರುತ್ತಿದ್ದರೆ ದೂರದಿಂದ ನೋಡಿದವರು ಗಂಡಸೆಂದೇ ತಿಳಿಯುತ್ತಿದ್ದರು. ಬಾಯಲ್ಲಿ ಸದಾ ಎಲೆಯಡಿಕೆ. ಅದನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿದರೆಂದರೆ ಎದುರಿನವರ ಮಾತು ಅವರಿಗೆ ಒಪ್ಪಿಗೆಯಾಗಲಿಲ್ಲ ಎಂದರ್ಥ. ಒಮ್ಮೆ ಮಳೆಗಾಲದಲ್ಲಿ ಮಗಳ ಮನೆಗೆಂದು ಒಂದು ಮುಡಿ ಅಕ್ಕಿ ಹೊತ್ತುಕೊಂಡು ಬೆಳ್ಳಾರೆಯಲ್ಲಿ ಪುತ್ತೂರಿನ ಬಸ್ಸು ಹತ್ತಿದರು. ಹುಲ್ಲಿನಲ್ಲಿ ಕಟ್ಟಿದ ಮುಡಿ ಬಸ್ಸಿನ ಮೇಲೆ ಹೋಗಲಿ ಎಂದು ಕಂಡಕ್ಟರ್ ಹೇಳಿದ.

"ಈ ಮಳೆಗೆ ನೀನು ಮೇಲೆ ಕೂತ್ಕೋ" ಅಂದರಂತೆ. "ಅಕ್ಕಿ ಒಳಗೆ ಬರ್ತದೆ. ಅಕ್ಕಿಗೆ ಟಿಕೇಟು ಕೊಡು."

ಕೊಡಲೇಬೇಕಾಯಿತು. ಸೀಟು ಒಂದೇ ಖಾಲಿ ಇತ್ತು. ಮುಡಿಯನ್ನು ಸೀಟಿನ ಮೇಲೆ ಕೂರಿಸಿ ತಾನು ಪುತ್ತೂರಿನವರೆಗೆ ನಿಂತುಕೊಂಡು ಹೋದರು. ಇಳಿಯುವಾಗ ಕಂಡಕ್ಟರ್ ನಗುತ್ತ "ಅಕ್ಕನಿಗೆ ಅಕ್ಕಿಯ ಮೇಲೆ ಎಂತ ಪ್ರೀತಿ" ಅಂದದ್ದಕ್ಕೆ, "ಬೆಳೆದವರಿಗೆ ಇರ್ತದೆ, ಉಣ್ಣುವವರಿಗೂ ಇದ್ರೆ ಒಳ್ಳೇದು" ಅಂದರಂತೆ. ಅವರು ಸುಮ್ಮನಿದ್ದು ಮಾತು ಮುಗಿದ ಪ್ರಸಂಗ ನನಗೆ ನೆನಪಿಲ್ಲ.

ನಾನು ಕಲ್ಲುಗುಂಡಿಯ ಕಡೆಯಿಂದ ಮದುವೆಯಾಗಿ ಈ ಮನೆಗೆ ಬಂದದ್ದು ಐವತ್ತರ ದಶಕದ ಮೊದಲಲ್ಲಿ. ಆಗ ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೆ ಬೈಲಿನ ಎಲ್ಲ ಮನೆಯವರೂ ಸೇರಿ ಹೊಳೆಗೆ ಅಡ್ಡವಾಗಿ ಕಟ್ಟ ಕಟ್ಟುತ್ತಿದ್ದರು. ಮರದ ಗೂಟ ಹೊಡೆದು, ಅಡ್ಡಕ್ಕೆ ಅಡಿಕೆಮರ ಇಟ್ಟು, ಕಲ್ಲು, ಸೊಪ್ಪು, ಮಣ್ಣು ತುಂಬಿ ಕಾಲಲ್ಲಿ ಮೆಟ್ಟಿ ಗಟ್ಟಿ ಮಾಡುವ ಒಡ್ಡು ಅದು. ಮಳೆಗಾಲಕ್ಕೆ ಕೊಚ್ಚಿಕೊಂಡು ಹೋಗುತ್ತಿತ್ತು, ಮರುವರ್ಷ ಮತ್ತೆ ಕಟ್ಟುವುದು. ಗೂಟ ಮತ್ತು ಸೊಪ್ಪು ನಮ್ಮ ಗುಡ್ಡದಿಂದ, ಮಣ್ಣು ಆಚೆಕರೆಯಿಂದ, ದುಡಿಮೆ ಎಲ್ಲ ಮನೆಗಳಿಂದ, ಮಧ್ಯಾಹ್ನದ ಊಟ ನಮ್ಮ ಅಂಗಳದಲ್ಲಿ. ಕಟ್ಟದ ಹಿಂದೆ ನೀರು ನಮ್ಮ ತೋಟದ ಬದಿಯವರೆಗೂ ಕೆರೆಯ ಹಾಗೆ ನಿಲ್ಲುತ್ತಿತ್ತು. ನಮ್ಮ ಆಳುಗಳು ಅದನ್ನು ಏತದಲ್ಲಿ ಎತ್ತಿ ತೋಟಕ್ಕೆ ಬಿಡುತ್ತಿದ್ದರು. ಆಚೆ ಬದಿಯಲ್ಲಿ ಕಟ್ಟದ ಪಕ್ಕದಿಂದಲೇ ಒಂದು ತೋಡು ಹೊರಟು ಕೆಳಗಿನ ಗದ್ದೆಗಳಿಗೆಲ್ಲ ನೀರು ಒಯ್ಯುತ್ತಿತ್ತು. ಆ ನೀರಿದ್ದರೆ ಬೇಸಗೆಯಲ್ಲಿ ಮೂರನೆಯ ಭತ್ತದ ಬೆಳೆ. ಅದಕ್ಕೆ ಕೊಳಕೆ ಎನ್ನುತ್ತೇವೆ. ಆಟಿ ತಿಂಗಳ ಮಳೆಯಲ್ಲಿ, ಕೆಲಸವೂ ಇಲ್ಲದೆ ಹೊರಗೆ ಹೋಗಲೂ ಆಗದೆ ಕೂರುವ ದಿನಗಳಲ್ಲಿ, ಚಿಕ್ಕ ಮನೆಗಳ ಒಲೆಯ ಮೇಲೆ ಬೇಯುತ್ತಿದ್ದದ್ದು ಆ ಕೊಳಕೆಯ ಅಕ್ಕಿಯೇ.

ಕಟ್ಟದ ದಿನ ನೀರಿಗಿಳಿದು ಗೂಟ ಎಲ್ಲಿಗೆ, ಕಲ್ಲು ಎಲ್ಲಿಗೆ ಎಂದು ತೋರಿಸುತ್ತಿದ್ದವರು ಆಚೆಕರೆ ಅಕ್ಕ. ಅವರ ಗಂಡ ಸಣ್ಣ ಪ್ರಾಯದಲ್ಲೇ ತೀರಿಕೊಂಡಿದ್ದರು. ಆ ಕೆಲಸ ಮೊದಲು ಗಂಡನದ್ದಾಗಿತ್ತು, ಆಮೇಲೆ ಅಕ್ಕ ಯಾರನ್ನೂ ಕೇಳದೆ ತೆಗೆದುಕೊಂಡರು. ನಮ್ಮ ಮನೆಯ ಹೆಂಗಸರು ಕಟ್ಟದ ಜಾಗಕ್ಕೆ ಇಳಿಯುವ ಪದ್ಧತಿ ಇರಲಿಲ್ಲ. ನಾನು ಅಂಗಳದ ತುದಿಯಲ್ಲಿ ನಿಂತು ನೋಡುತ್ತಿದ್ದೆ, ಊಟ ಬಡಿಸುತ್ತಿದ್ದೆ, ಅಷ್ಟೇ.

ಎಂಜಿನ್ ಬಂದದ್ದು ಆಮೇಲೆ. ನಮ್ಮ ಬೈಲಿಗೆ ಅದೇ ಮೊದಲನೆಯದು. ಪುತ್ತೂರಿನಿಂದ ಬೆಳ್ಳಾರೆಗೆ ಲಾರಿಯಲ್ಲಿ, ಅಲ್ಲಿಂದ ಮರದ ಕಂಬಕ್ಕೆ ಕಟ್ಟಿ ಹೊತ್ತುಕೊಂಡು. ಮದುವೆಯ ದಿಬ್ಬಣಕ್ಕೂ ಅಷ್ಟು ಜನ ಹಿಂದೆ ಬಂದಿರಲಿಲ್ಲ. ಜೋಡಿಸಲಿಕ್ಕೆ ಬೆಳ್ಳಾರೆಯಿಂದ ಒಬ್ಬರು ಬ್ಯಾರಿ ಕಾಕ ಬಂದರು. ಎಂಜಿನಿನ ಕೆಲಸ ಬಲ್ಲವರು ಸುತ್ತಲಿನಲ್ಲಿ ಅವರೊಬ್ಬರೇ. ಅವರು ಪಂಪಿನ ಪೈಪನ್ನು ಕಟ್ಟದ ಹಿಂದಿನ ನೀರಿಗೆ ಇಳಿಸಿದರು, ಮಾವ ತೆಂಗಿನಕಾಯಿ ಒಡೆದರು, ಎಂಜಿನ್ ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು. ತೋಟದ ತುದಿಯಲ್ಲಿ ನೀರು ದಪ್ಪ ಹಗ್ಗದ ಹಾಗೆ ಬಂದು ಬಿತ್ತು. ಮಾವ ಅದರ ಕೆಳಗೆ ಕೈ ಹಿಡಿದು ಮಗುವಿನ ಹಾಗೆ ನಕ್ಕರು. ನನಗೂ ಸಂತೋಷವೇ ಆಗಿತ್ತು. ಏತ ತುಳಿಯುವವರ ಮೈನೋವು ನೋಡಿದವಳು ನಾನು, ಎಂಜಿನನ್ನು ಬೇಡ ಎನ್ನಲಾರೆ. ಆಚೆಕರೆ ಅಕ್ಕನೂ ಹಾಗೆ ಹೇಳಲಿಲ್ಲ. ಅವರು ಎಂಜಿನಿನ ಸುತ್ತ ಒಂದು ಸುತ್ತು ಬಂದು, ಅದರ ಬಿಸಿ ಮೈ ಮುಟ್ಟಿ ನೋಡಿ, ಕಾಕನ ಹತ್ತಿರ ಕೇಳಿದ್ದು ಒಂದೇ ಮಾತು: "ಇದು ದಿನಕ್ಕೆ ಎಷ್ಟು ನೀರು ಕುಡೀತದೆ?"

ಕಾಕ ನಕ್ಕರು. "ಕೊಟ್ಟಷ್ಟು, ಅಕ್ಕಾ."

ಮುಂದಿನ ದೀಪಾವಳಿ ಕಳೆದಾಗ ಮಾವ ಹೇಳಿಬಿಟ್ಟರು, ಇನ್ನು ಕಟ್ಟಕ್ಕೆ ನಮ್ಮ ಗುಡ್ಡದಿಂದ ಗೂಟವಿಲ್ಲ, ನಮ್ಮ ಮನೆಯಿಂದ ಆಳಿಲ್ಲ, ಊಟವೂ ಇಲ್ಲ. ಎಂಜಿನ್ ಇರುವವನಿಗೆ ಕಟ್ಟ ಎಂತಕ್ಕೆ? ಆದರೆ ಪಂಪಿನ ಪೈಪು ಇದ್ದದ್ದು ಕಟ್ಟದ ನೀರಿನಲ್ಲೇ. ಕಟ್ಟವಿಲ್ಲದಿದ್ದರೆ ಬೇಸಗೆಯಲ್ಲಿ ನಮ್ಮ ಹೊಳೆ ಕಲ್ಲಿನ ಸಂದಿಯಲ್ಲಿ ಹರಿಯುವ ಒಂದು ಗೆರೆ ಮಾತ್ರ. ಇದು ಮಾವನಿಗೆ ಗೊತ್ತಿರಲಿಲ್ಲ ಎಂದಲ್ಲ. ಬೈಲಿನವರು ಹೊಟ್ಟೆಪಾಡಿಗೆ ಹೇಗೂ ಕಟ್ಟುತ್ತಾರೆ, ನೀರು ಹೇಗೂ ನಿಲ್ಲುತ್ತದೆ ಎಂಬುದು ಅವರ ಧೈರ್ಯ.

ಆ ವರ್ಷ ಹಾಗೆಯೇ ಆಯಿತು. ಬೈಲಿನವರು ಎಲ್ಲೆಲ್ಲಿಂದಲೋ ಮರ ತಂದು ತಡವಾಗಿ ಕಟ್ಟ ಕಟ್ಟಿದರು. ನೀರು ನಿಂತಿತು. ಬೆಳಗಿನಿಂದ ಸಂಜೆಯವರೆಗೆ ನಮ್ಮ ಎಂಜಿನ್ ಅದನ್ನು ಎಳೆಯಿತು. ನೀರು ತೋಡಿನ ಬಾಯಿಗೆ ಏರುವ ಮೊದಲೇ ನಮ್ಮ ತೋಟಕ್ಕೆ ಹೋಗುತ್ತಿತ್ತು. ಕೊಳಕೆ ಹೊಡೆ ಬರುವ ಹೊತ್ತಿಗೆ ಗದ್ದೆ ಬಿರಿಯಿತು.

ಒಂದು ಬೆಳಿಗ್ಗೆ ಅಕ್ಕ ನಮ್ಮ ಅಂಗಳಕ್ಕೆ ಬಂದರು. ಮಾವ ಜಗಲಿಯಲ್ಲಿ ಕೂತಿದ್ದರು. ಅಕ್ಕ ಒಂದು ಕಟ್ಟು ಒಣ ಪೈರನ್ನು ಅವರ ಮುಂದೆ ಇಟ್ಟರು. ತೆನೆ ಬಿಳಿಯಾಗಿತ್ತು, ಒಳಗೆ ಕಾಳಿಲ್ಲ.

"ಭಾವ, ಇದು ನಿಮ್ಮ ದನಕ್ಕೆ. ನಮ್ಮ ದನಕ್ಕೆ ಸಾಕಾಗುವಷ್ಟು ಉಂಟು."

"ಎಂತ ಮಾತು ಇದು?" ಅಂದರು ಮಾವ. "ಹೊಳೆಯಲ್ಲಿ ನೀರು ಕಡಿಮೆಯಾದ್ರೆ ನಾನೆಂತ ಮಾಡುದು? ಹೊಳೆ ನಿನ್ನ ಅಪ್ಪಂದಾ?"

"ಹೊಳೆ ನನ್ನ ಅಪ್ಪಂದಲ್ಲ, ನಿಮ್ಮ ಅಪ್ಪಂದೂ ಅಲ್ಲ. ಕಟ್ಟ ನಮ್ಮದು. ನಾವು ಹೊತ್ತ ಮಣ್ಣು, ನಾವು ಮೆಟ್ಟಿದ್ದು. ಕಟ್ಟದ ನೀರು ಕಟ್ಟಿದವರಿಗೆ ಮೊದಲು."

"ಕಟ್ಟಬೇಡಿ ಹಾಗಾದ್ರೆ" ಅಂದರು ಮಾವ, ನಗುತ್ತ.

ಅಕ್ಕ ನಗಲಿಲ್ಲ. "ಆಯ್ತು" ಅಂದು ಹೊರಟುಹೋದರು.

ಆ "ಆಯ್ತು" ಏನೆಂದು ನಮಗೆ ತಿಳಿದದ್ದು ಮತ್ತೊಂದು ದೀಪಾವಳಿ ಕಳೆದ ಮೇಲೆ. ಮಳೆ ನಿಂತಿತು. ಹೊಳೆ ತಿಳಿಯಾಯಿತು. ಕಟ್ಟಕ್ಕೆ ಯಾರೂ ಬರಲಿಲ್ಲ. ಮಾವ ದಿನಾ ಅಂಗಳದ ತುದಿಗೆ ಹೋಗಿ ನೋಡಿ ಬರುತ್ತಿದ್ದರು. "ಬರ್ತಾರೆ, ಬರ್ತಾರೆ. ಹೊಟ್ಟೆ ಕೇಳ್ತದಾ?" ಎನ್ನುತ್ತಿದ್ದರು. ಬೈಲಿನ ಹಲವರು ನಮ್ಮ ಗದ್ದೆಯನ್ನೇ ಚಾಲಗೇಣಿಗೆ ಮಾಡುತ್ತಿದ್ದವರು. ಮಾವ ಬೇಡವೆಂದರೆ ಮರುವರ್ಷ ಆ ಗದ್ದೆ ಅವರದ್ದಲ್ಲ. ಅವರನ್ನು ಒಬ್ಬೊಬ್ಬರಾಗಿ ಕರೆಸಿ ಕೇಳಿದರು. ಎಲ್ಲರೂ ತಲೆ ಕೆಳಗೆ ಹಾಕಿ ಹೇಳಿದ್ದು ಒಂದೇ: "ನಮಗೆ ಮನಸ್ಸುಂಟು ಗೌಡ್ರೇ. ಆಚೆಕರೆಯವರು ಬಿಡುದಿಲ್ಲ."

ಹಾಗೆ ಹೇಳಿಕೊಟ್ಟದ್ದು ಅಕ್ಕನೇ. ಅದು ನನಗೆ ಅವರ ಬಾಯಿಯಿಂದಲೇ ಗೊತ್ತಾಯಿತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು ಮಧ್ಯಾಹ್ನ ಸಿಕ್ಕಿದರು. ನಾವು ಮಾತಾಡಬಾರದು ಎಂದು ಮನೆಯಲ್ಲಿ ಹೇಳಿದ್ದರು. ಅಕ್ಕನಿಗೆ ಅಂಥ ಕಟ್ಟಳೆ ಇರಲಿಲ್ಲ.

"ನಿನ್ನ ಮಾವ ಹೇಗಿದ್ದಾರೆ?"

"ಸಿಟ್ಟಲ್ಲಿದ್ದಾರೆ ಅಕ್ಕಾ. ಎಲ್ಲ ನಿಮ್ಮ ಹೆಸರೇ ಹೇಳ್ತಾರೆ."

"ಹೇಳಲಿ. ನಾನೇ ಹೇಳಿದ್ದು. ಗೇಣಿ ಗದ್ದೆಯವರಿಗೆ ಹೆದರಿಕೆ ಉಂಟು, ಪಾಪ. ನನ್ನ ಗದ್ದೆ ಸ್ವಂತದ್ದು, ಸಣ್ಣದಾದರೂ. ನನ್ನನ್ನು ಎಲ್ಲಿಂದ ಬಿಡಿಸುದು? ಯಾರಿಗೆ ಹೆದರಿಕೆಯೋ ಅವರು ನನ್ನ ಹೆಸರು ಹೇಳಿ ಮನೆಗೆ ಹೋಗಿ ಅಂದಿದ್ದೇನೆ."

"ನಿಮ್ಮ ಕೊಳಕೆ?"

ಅವರು ಒಗೆದ ಬಟ್ಟೆಯನ್ನು ಹಿಂಡಿ ಕಲ್ಲಿನ ಮೇಲೆ ಇಟ್ಟರು. "ಭತ್ತ ಒಂದು ಬೆಳೆ ಹೋದ್ರೆ ಒಂದು ಬೆಳೆ ಹೋಯ್ತು. ಮರಗೆಣಸು ತಿಂದು ಬದುಕುದು. ಅಡಿಕೆಮರ ಒಂದು ಬೇಸಗೆ ಒಣಗಿದ್ರೆ? ಹೊಸ ಸಸಿ ನೆಟ್ಟು ಅದು ಫಲಕ್ಕೆ ಬರುವಾಗ ನಿನ್ನ ಮಾವನಿಗೆ ಹಲ್ಲು ಇರ್ತದಾ?" ಅಂದರು. ಆಮೇಲೆ ಸ್ವರ ತಗ್ಗಿಸಿ, "ನಿನ್ನ ಮನೆಗೆ ಕೆಟ್ಟದ್ದು ಬಯಸುದಲ್ಲ ತಂಗಿ. ಆದ್ರೆ ನಮ್ಮ ಹಸಿವಿನ ಮೇಲೆ ಅವರಿಗೆ ಅಷ್ಟು ನಂಬಿಕೆ ಇರಬಾರದು" ಅಂದರು.

ಬಟ್ಟೆಯ ಗಂಟು ಹೊತ್ತು ಮನೆಗೆ ಬಂದೆ.

ಶಿವರಾತ್ರಿ ಹತ್ತಿರವಾಗುವಾಗ ಪಂಪು ನೀರಿಗಿಂತ ಹೆಚ್ಚು ಗಾಳಿ ಎಳೆಯಲು ಸುರುಮಾಡಿತು. ತೋಟದ ತುದಿಯ ಎಳೆಯ ಮರಗಳ ಸೋಗೆ ಬಾಡಿ ಕೆಳಗೆ ತೂಗಿತು. ಕಡೆಗೆ ಮಾವ ದೂರದಿಂದ ಆಳುಗಳನ್ನು ಕರೆಸಿ ತಾನೇ ಕಟ್ಟ ಕಟ್ಟಿಸಿದರು. ಆಚೆಕರೆಯಲ್ಲಿ ಇದು ನಗೆಯ ವಿಷಯವಾಯಿತಂತೆ, ಯಾಕೆಂದರೆ ಗೌಡರು ಕಟ್ಟಿಸಿದರೂ ನೀರು ಏರಿದರೆ ತೋಡಿಗೂ ಹೋಗಲೇಬೇಕು. ಮಾವನಿಗೆ ಅದು ಹೊಳೆಯದೆ ಇರಲಿಲ್ಲ. ತೋಡಿನ ಬಾಯಿಗೆ ಕಲ್ಲು ಮಣ್ಣು ಹಾಕಿಸಿ ಮುಚ್ಚಿಸಿದರು.

ಮರುದಿನ ಬೆಳಿಗ್ಗೆ ಬಿಸಿಲು ಚೆನ್ನಾಗಿ ಬಂದ ಮೇಲೆ, ಎಲ್ಲರೂ ನೋಡುತ್ತಿರುವಾಗ, ಅಕ್ಕ ಹಾರೆ ತಂದು ಆ ಕಲ್ಲುಗಳನ್ನು ಒಂದೊಂದಾಗಿ ತೆಗೆದರು. ಕದ್ದು ಮಾಡಬಹುದಿತ್ತು. "ಕದಿಯುವವಳು ನಾನಾ?" ಎಂದು ಆಮೇಲೆ ಕೇಳಿದ್ದರು. ಬಾಯಿ ಬಿಡಿಸಿ, ನೀರು ತೋಡಿಗೆ ನುಗ್ಗಿದ ಮೇಲೆ, ಅದನ್ನು ಮತ್ತೆ ಯಾರೂ ಮುಚ್ಚದ ಹಾಗೆ ತಾನೇ ಅಲ್ಲಿ ಕೂತುಬಿಟ್ಟರು. ನೀರು ಅವರ ಸೊಂಟದ ಎರಡೂ ಬದಿಯಿಂದ ಹರಿಯುತ್ತಿತ್ತು. ಅವರು ಚೀಲದಿಂದ ಎಲೆ ತೆಗೆದು ಸುಣ್ಣ ಹಚ್ಚುತ್ತಿದ್ದರು.

ಮಾವ ಆಳುಗಳನ್ನು ಕರೆದುಕೊಂಡು ಇಳಿದರು. ನಾನು ಅಂಗಳದ ತುದಿಯಲ್ಲಿದ್ದೆ, ಪ್ರತಿಯೊಂದು ಮಾತೂ ಕೇಳುತ್ತಿತ್ತು.

"ಏಳು!"

"ಏಳುದಿಲ್ಲ ಭಾವ."

"ಮಣ್ಣು ಹಾಕಿ" ಎಂದು ಮಾವ ಆಳುಗಳಿಗೆ ಹೇಳಿದರು. ಅವರು ಪರವೂರಿನವರು, ಬುಟ್ಟಿಯಲ್ಲಿ ಮಣ್ಣೂ ಇತ್ತು. ಆದರೆ ಹೆಂಗಸಿನ ಮೈಮೇಲೆ ಮಣ್ಣು ಹಾಕಲಿಕ್ಕೆ ಒಬ್ಬನೂ ಮುಂದೆ ಬರಲಿಲ್ಲ. ಅಷ್ಟರಲ್ಲಿ ನೀರಿನ ಮಟ್ಟ ತಗ್ಗಿ ಪಂಪು ಗೊರಗೊರ ಎನ್ನತೊಡಗಿತು. ಕಾಕ ಆ ದಿನ ಅಲ್ಲೇ ಇದ್ದರು. ಅವರು ಎಂಜಿನ್ ನಿಲ್ಲಿಸಿದರು. ಬೈಲಿಡೀ ಒಮ್ಮೆಲೇ ನಿಶ್ಶಬ್ದವಾಯಿತು.

"ಯಾಕೆ ನಿಲ್ಲಿಸಿದ್ದು? ಓಡಿಸು!"

"ಆಗುದಿಲ್ಲ ಗೌಡ್ರೇ. ನೀರಿಲ್ಲದೆ ಓಡಿಸಿದ್ರೆ ಪಂಪು ಹೋಗ್ತದೆ. ಡೀಸೆಲು ನಾನು ಬೆಳ್ಳಾರೆಯಿಂದ ತರಬಹುದು. ನೀರು ತರ್ಲಿಕ್ಕೆ ನನ್ನ ಹತ್ರ ಅಂಗಡಿ ಇಲ್ಲ." ಕಾಕ ಕೈ ಒರೆಸಿಕೊಂಡು ಆಚೆ ತಿರುಗಿ, "ಅಕ್ಕ, ಒಂದು ವೀಳ್ಯ ಕೊಡಿ" ಅಂದರು. ಅಕ್ಕ ಕೂತಲ್ಲಿಂದಲೇ ಕೊಟ್ಟರು.

ಮಾವ ಪಟೇಲರಿಗೆ ಹೇಳಿಕಳುಹಿಸಿದರು. ಪಟೇಲರು ಬರುವಾಗ ಮಧ್ಯಾಹ್ನವಾಗಿತ್ತು. ಅಷ್ಟರಲ್ಲಿ ತೋಡಿನ ದಂಡೆಯ ಮೇಲೆ ಒಬ್ಬೊಬ್ಬರಾಗಿ ಬೈಲಿನವರೆಲ್ಲ ಬಂದು ನಿಂತಿದ್ದರು, ಗೇಣಿಯವರೂ ಸಹ. ಅವರು ಮಾತಾಡಲಿಲ್ಲ. ಆದರೆ ಮನೆಗೂ ಹೋಗಲಿಲ್ಲ. ಮಾವ ಅವರನ್ನೆಲ್ಲ ನೋಡಿದರು. ತಾನು ಹುಟ್ಟಿ ಬೆಳೆದ ಬೈಲು ತನ್ನ ಎದುರು ಬಾಯಿ ಮುಚ್ಚಿ ನಿಂತದ್ದನ್ನು ಅವರು ಹಿಂದೆ ಕಂಡಿರಲಿಲ್ಲ ಎಂದು ಕಾಣುತ್ತದೆ. ಅವರ ಸ್ವರ ಇಳಿಯಿತು.

"ಎಂತ ಬೇಕು ನಿನಗೆ?" ಎಂದು ಕೇಳಿದರು.

ಅಕ್ಕ ಕೂತಲ್ಲಿಂದ ಎದ್ದದ್ದು ಆಗ. ಸೀರೆಯಿಂದ ನೀರು ಸುರಿಯುತ್ತಿತ್ತು. ಪಟೇಲರಿಗೆ ಕೈಮುಗಿದು ಹೇಳಿದರು. ಮೊದಲಿನ ಹಾಗೆ ಗೂಟ ಸೊಪ್ಪು ಗೌಡರ ಗುಡ್ಡದಿಂದ ಬರಬೇಕು, ಕಟ್ಟಕ್ಕೆ ಅವರ ಮನೆಯ ಆಳೂ ಬರಬೇಕು. ಬೆಳಗಿನ ಹೊತ್ತು ತೋಡಿಗೆ, ಮಧ್ಯಾಹ್ನದ ಮೇಲೆ ಎಂಜಿನಿಗೆ. ಇಷ್ಟಕ್ಕೆ ಪಟೇಲರು ತಲೆಯಾಡಿಸಿದರು, ಮಾವನೂ ಸುಮ್ಮನಿದ್ದರು. ಮಾತು ಮುಗಿಯಿತು ಎಂದುಕೊಂಡಾಗ ಅಕ್ಕ, "ಇನ್ನೊಂದು ಉಂಟು" ಅಂದರು.

"ಇನ್ನೆಂತ?"

"ಮಳೆಗಾಲದಲ್ಲಿ ಎಂಜಿನ್ ಸುಮ್ಮನೆ ಮಲಗಿರ್ತದಲ್ಲ ಭಾವ. ಅದಕ್ಕೆ ಪಟ್ಟೆ ಹಾಕಿ ಭತ್ತ ಕುಟ್ಟುವ ಮಿಶನು ಓಡಿಸ್ಲಿಕ್ಕೆ ಆಗ್ತದೆ ಅಂತ ಕಾಕ ಹೇಳಿದ್ದಾರೆ. ಅದನ್ನು ತನ್ನಿ. ಕಟ್ಟ ಕಟ್ಟಿದ ಮನೆಗಳ ಭತ್ತ ಅದರಲ್ಲಿ ಅಕ್ಕಿಯಾಗಬೇಕು, ಕೂಲಿ ಕೇಳದೆ. ನಮ್ಮ ನೀರು ನಿಮ್ಮ ಎಂಜಿನ್ ಕುಡಿದಿದೆ. ನಮ್ಮ ಒನಕೆ ನಿಮ್ಮ ಎಂಜಿನ್ ಎತ್ತಲಿ."

ಮಾವನಿಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ನಗು. ಬಹಳ ದಿನದ ಮೇಲೆ ಅವರು ನಕ್ಕದ್ದು. "ಇವಳನ್ನು ಯಾರಾದ್ರೂ ಡೆಲ್ಲಿಗೆ ಕಳಿಸಿ ಮಾರಾಯ್ರೆ" ಅಂದರು. ಅಂಗಳದ ತುದಿಯಲ್ಲಿ ನನ್ನ ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದರು. ನಮ್ಮದು ದೊಡ್ಡ ಮನೆಯಾದರೂ ಒನಕೆ ಹಿಡಿದ ಕೈ ನಮ್ಮದೂ ಹೌದು. ಅಕ್ಕನ ಆ ಬೇಡಿಕೆಯಲ್ಲಿ ನಾವೂ ಇದ್ದೆವು. ಅದನ್ನು ಅವರು ನೆನಸಿಯೇ ಕೇಳಿದ್ದೋ, ನನಗೆ ಗೊತ್ತಿಲ್ಲ.

ಮಿಶನು ಮರುವರ್ಷದ ಮಳೆಗಾಲಕ್ಕೆ ಬಂತು. ಮೊದಲ ದಿನ ಅಕ್ಕ ತಮ್ಮ ಭತ್ತ ತಂದು ಅಕ್ಕಿ ಮಾಡಿಸಿಕೊಂಡು ಹೋದವರು ಮರುದಿನವೇ ಕಾಕನ ಹತ್ತಿರ ಜಗಳಕ್ಕೆ ಬಂದರು, ಅನ್ನಕ್ಕೆ ರುಚಿಯಿಲ್ಲ, ತೌಡೆಲ್ಲ ಮಿಶನು ತಿಂದಿದೆ ಎಂದು. ತೌಡು ಅವರವರ ದನಕ್ಕೆ ವಾಪಸು ಕೊಡಬೇಕೆಂದು ಆ ದಿನವೇ ಇನ್ನೊಂದು ಕಟ್ಟಳೆ ಆಯಿತು.

ಇಷ್ಟು ಹೇಳಿದರೆ ಗೆದ್ದ ಕಥೆಯ ಹಾಗೆ ಕೇಳುತ್ತದೆ. ಅಕ್ಕ ಅದನ್ನು ಹಾಗೆ ಹೇಳುತ್ತಿರಲಿಲ್ಲ. ಕಟ್ಟ ಕಟ್ಟದ ಆ ವರ್ಷ ಬೈಲಿನಲ್ಲಿ ಕೊಳಕೆಯೇ ಆಗಲಿಲ್ಲ. ಕಡೆಗೆ ತೋಡಿಗೆ ಬಂದ ನೀರು ತಡವಾಗಿ ಬಂದ ನೀರು. ಆಟಿಯಲ್ಲಿ ಮರಗೆಣಸು, ಹಲಸಿನ ಬೀಜ, ಕೆಸುವಿನ ದಂಟು. ನಮ್ಮ ತೋಟದ ತುದಿಯ ಎಳೆಮರಗಳು ಸತ್ತವು. ಆಚೆಕರೆಯಲ್ಲಿ ಅಕ್ಕನ ಸ್ವಂತ ಮೈದುನ, ಅವರೇ ಎತ್ತಿ ಆಡಿಸಿ ದೊಡ್ಡ ಮಾಡಿದವರು, "ನಿನ್ನ ಹಟಕ್ಕೆ ನನ್ನ ಮಕ್ಕಳು ಯಾಕೆ ಉಪವಾಸ ಬೀಳಬೇಕು" ಎಂದು ಜಗಳವಾಡಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕಡಬದ ಕಡೆ ಹೆಂಡತಿಯ ಮನೆಗೆ ಹೋದರು. ಮತ್ತೆ ಬರಲಿಲ್ಲ, ಮಾತೂ ಆಡಲಿಲ್ಲ.

ಹೊಸ ಅಕ್ಕಿ ಊಟದ ಸಮಯಕ್ಕೆ ಪ್ರತಿವರ್ಷವೂ ಅಕ್ಕ ಒಂದು ಗಂಟು ಹೊಸ ಅಕ್ಕಿ ಕಟ್ಟಿ ಕಡಬಕ್ಕೆ ಹೋಗುವವರ ಕೈಯಲ್ಲಿ ಕೊಟ್ಟು ಕಳುಹಿಸುತ್ತಿದ್ದರು. ಗಂಟು ಬಿಚ್ಚದೆ ವಾಪಸು ಬರುತ್ತಿತ್ತು. ಒಮ್ಮೆ ನಾನೇ ಕಂಡು ಕೇಳಿದೆ, "ಇನ್ನು ಯಾಕೆ ಕಳಿಸುದು ಅಕ್ಕಾ?"

"ಅವನು ತೆಗೆದುಕೊಳ್ಳುದಿಲ್ಲ ಅಂತ ಹಟ ಮಾಡಿದ್ರೆ ನಾನು ಕಳಿಸುದಿಲ್ಲ ಅಂತ ಮಾಡ್ಬೇಕಾ?" ಅಂದರು. ಆಮೇಲೆ ಗಂಟನ್ನು ಮಡಿಲಿಗೆ ಎಳೆದುಕೊಂಡು, "ಅವನು ಹೇಳಿದ್ದು ಸುಳ್ಳಲ್ಲ ತಂಗಿ. ಅವನ ಮಕ್ಕಳು ಹಸಿದದ್ದು ಹೌದು" ಅಂದರು. ಅವರ ಬಾಯಿಯಿಂದ ಅಷ್ಟು ಮೆಲ್ಲಗೆ ಬಂದ ಮಾತು ನಾನು ಮತ್ತೆ ಕೇಳಿಲ್ಲ. ಮರುವರ್ಷವೂ ಗಂಟು ಹೋಯಿತು.

ಅರವತ್ತರ ದಶಕದ ನಡುವಿನಲ್ಲಿ ಎಲ್ಲ ಕಡೆ ಅಕ್ಕಿಗೆ ತತ್ವಾರ ಬಂದಿತ್ತು. ಪೇಟೆಯಲ್ಲಿ ದುಡ್ಡು ಕೊಟ್ಟರೂ ಅಕ್ಕಿ ಇಲ್ಲ. ರೇಷನ್ನಿನಲ್ಲಿ ಕೊಟ್ಟ ಗೋಧಿಯನ್ನು ಏನು ಮಾಡಬೇಕೆಂದು ನಮ್ಮ ಕಡೆಯ ಹೆಂಗಸರಿಗೆ ತಿಳಿಯುತ್ತಿರಲಿಲ್ಲ. ಡೀಸೆಲು ಕೂಡ ಬೇಕೆಂದಾಗ ಸಿಗದ ಕಾಲ ಅದು. ಆಗ ನಮ್ಮ ಬೈಲಿನಲ್ಲಿ ಕೊಳಕೆ ಹಸುರಾಗಿ ನಿಂತಿತ್ತು. ಎಂಜಿನ್ ಎಣ್ಣೆಯಿಲ್ಲದೆ ಮಲಗಿದ ದಿನವೂ ತೋಡಿನಲ್ಲಿ ನೀರು ತನ್ನಷ್ಟಕ್ಕೆ ಹರಿಯುತ್ತಿತ್ತು. ಅಂಥ ಒಂದು ದಿನ ಮಾವ ಊರುಗೋಲು ಊರಿಕೊಂಡು ತೋಡಿನ ದಂಡೆಯವರೆಗೆ ನಡೆದುಹೋಗಿ, ಬಹಳ ಹೊತ್ತು ಕೂತು ಬಂದರು. ಅದರ ಮರುವರ್ಷ ತೀರಿಕೊಂಡರು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಅಡುಗೆಗೆ ಅಕ್ಕಿ ಆರಿಸಲಿಕ್ಕೆ ಎಲ್ಲರಿಗಿಂತ ಮೊದಲು ಬಂದು ಕೂತವರು ಆಚೆಕರೆ ಅಕ್ಕ. ಆರಿಸುತ್ತ ಮಾವನನ್ನು ಬೈಯುತ್ತಲೂ ಇದ್ದರು, ಇನ್ನು ನಾನು ಯಾರ ಹತ್ತಿರ ಜಗಳ ಮಾಡುದು ಎಂದು.

ಜಗಳಕ್ಕೆ ಜನ ಸಿಕ್ಕಿದರು. ಆ ದಶಕ ಮುಗಿಯುವ ಹೊತ್ತಿಗೆ ಕರೆಂಟಿನ ಕಂಬಗಳು ಬೈಲಿಗೆ ಬಂದವು. ಗುಂಡಿ ಒತ್ತಿದರೆ ಓಡುವ ಪಂಪು. ಎಂಜಿನಿನ ಹಾಗೆ ಅದಕ್ಕೆ ಕೆಮ್ಮಿಲ್ಲ, ಎಣ್ಣೆಯ ವಾಸನೆಯಿಲ್ಲ. ಸಾಧ್ಯವಿದ್ದವರೆಲ್ಲ ಬಾವಿ ತೋಡಿಸಿದರು. ಬಾವಿಯಿದ್ದವರು ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ಇಟ್ಟರು. ಒಂದು ದೀಪಾವಳಿ ಕಳೆದು ಮಳೆ ನಿಂತಿತು, ಕಟ್ಟಕ್ಕೆ ಯಾರೂ ಬರಲಿಲ್ಲ. ಈ ಸಲ ಸಿಟ್ಟಿನಿಂದಲ್ಲ, ಬೇಡವಾಗಿ.

ಅಕ್ಕ ಮನೆಮನೆಗೆ ಹೋಗಿ ಕರೆದು, ಕಡೆಗೆ ನಮ್ಮ ಅಂಗಳಕ್ಕೆ ಬಂದರು. ತಲೆ ಅರ್ಧ ಬೆಳ್ಳಗಾಗಿತ್ತು. ನನ್ನ ಗಂಡ ಜಗಲಿಯಲ್ಲಿದ್ದರು.

"ಎಂತಕ್ಕೆ ಅಕ್ಕಾ ಇನ್ನು ಕಟ್ಟ? ಎಲ್ಲರಿಗೂ ಬಾವಿ ಉಂಟು, ಪಂಪು ಉಂಟು."

"ಬಾವಿಗೆ ನೀರು ಎಲ್ಲಿಂದ ಬರುದು? ಕಂಬದಿಂದಲಾ? ಬೇಸಗೆಯಿಡೀ ಹೊಳೆಯಲ್ಲಿ ನಿಂತದ್ದು ಇಂಗಿ ನಿನ್ನ ಬಾವಿಗೆ ಇಳಿಯುದು. ನಿನ್ನ ಅಪ್ಪನಿಗೆ ಒಂದು ವರ್ಷ ಹಿಡಿಯಿತು ಇದು ತಲೆಗೆ ಹೋಗ್ಲಿಕ್ಕೆ. ನಿನಗೆ ಎಷ್ಟು ಬೇಕು?"

"ನೀವೊಬ್ಬರು ಎಂತ ಮಾಡ್ತೀರಿ, ಬಿಡಿ" ಅಂದರು ನನ್ನ ಗಂಡ. ಕೆಟ್ಟ ಮನುಷ್ಯರಲ್ಲ ಅವರು. ಅಕ್ಕನಿಗೆ ಪ್ರಾಯವಾಯಿತು ಎಂಬ ಕನಿಕರದಲ್ಲೇ ಹೇಳಿದ್ದು. ಆ ಕನಿಕರವೇ ಅವರಿಗೆ ತಾಗಿತೆಂದು ಕಾಣುತ್ತದೆ. ನೇರ ಹೊಳೆಗೆ ಇಳಿದುಹೋದರು.

ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಅವರು ಸೀರೆ ಎತ್ತಿಕಟ್ಟಿ ನೀರಿಗಿಳಿದು, ಗೂಟವಿಲ್ಲ, ಆಳಿಲ್ಲ, ಒಂದೊಂದೇ ಕಲ್ಲನ್ನು ಉರುಳಿಸಿ ತರುತ್ತಿದ್ದರು. ಹೊಳೆಯ ಕಾಲು ಭಾಗಕ್ಕೂ ಅದು ಬಂದಿರಲಿಲ್ಲ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ನಾನು ಬೆಂಕಿ ಹಿಂದಕ್ಕೆ ಎಳೆದು, ಹಿಂಬಾಗಿಲಿನಿಂದ ಹೊರಗೆ ಬಂದು, ಅಂಗಳ ದಾಟಿ ನಡೆದೆ. ಮದುವೆಯಾಗಿ ಬಂದು ಇಷ್ಟು ವರ್ಷದಲ್ಲಿ ಅಂಗಳದ ಕೆಳಗಿನ ಮಣ್ಣಿನ ದರೆಯನ್ನು ಇಳಿದು ಕಟ್ಟದ ಜಾಗಕ್ಕೆ ಹೋದದ್ದು ಅದೇ ಮೊದಲು. ನೀರು ತಣ್ಣಗಿತ್ತು. ಕಲ್ಲು ಜಾರುತ್ತಿತ್ತು. ನಾನೂ ಸೀರೆ ಎತ್ತಿಕಟ್ಟಿದೆ.

ಅಕ್ಕ ತಲೆಯೆತ್ತಿ ನೋಡಿದರು. ಆಶ್ಚರ್ಯವಾಯಿತೋ ಇಲ್ಲವೋ ತೋರಿಸಲಿಲ್ಲ. ನಾನು ತಂದಿಟ್ಟ ಮೊದಲ ಕಲ್ಲನ್ನು ಕಾಲಿನಿಂದ ಅಲುಗಾಡಿಸಿದರು.

"ಹೀಗೆ ಇಟ್ರೆ ನಾಳೆಗೆ ಇರ್ಲಿಕ್ಕಿಲ್ಲ ಮಾರಾಯ್ತಿ. ಅಗಲದ ಬದಿ ಕೆಳಗೆ ಬರಬೇಕು."

ಇಟ್ಟೆ. ಮೇಲಿನಿಂದ ನನ್ನ ಗಂಡನ ಸ್ವರ ಕೇಳಿಸಿತು, ಒಮ್ಮೆ, ಮತ್ತೊಮ್ಮೆ, ಗಟ್ಟಿಯಾಗಿ. ಬೈಲಿನ ಎಲ್ಲ ಮನೆಗಳಿಗೂ ಕೇಳಿಸುವಷ್ಟು.

"ನಿನ್ನನ್ನು ಕರೀತಿದ್ದಾರೆ" ಅಂದರು ಅಕ್ಕ.

"ಕರೀಲಿ" ಅಂದೆ.

ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿ, ಹೊಳೆಯ ಆಚೆ ದಂಡೆಗೆ ಕೈ ತೋರಿಸಿದರು. "ಹಾಗಾದ್ರೆ ಆ ದೊಡ್ಡ ಕಲ್ಲು ಉಂಟಲ್ಲ, ಅದನ್ನು ಉರುಳಿಸಿ ತಾ."